ಕಲ್ಲು ತೆಗೆಯುವ ಮುನ್ನ ಒಂದು ಕೊಳವೆ

‘ಮೊದಲು ಸ್ಟೆಂಟ್ ಹಾಕೋಣ, ಕಲ್ಲು ಆಮೇಲೆ’ ಎಂದು ಡಾಕ್ಟರು ಹೇಳಿದೊಡನೆ ಮನೆಮಂದಿ ಗಾಬರಿಯಾಗುತ್ತಾರೆ. ಕಿಡ್ನಿ ಸ್ಟೋನ್ ಎಂದು ಬಂದವರಿಗೆ ಹೃದಯದ ಸ್ಟೆಂಟ್ ಯಾಕೆ? ಹೆಸರೊಂದೇ, ವಸ್ತು ಬೇರೆ. ಹೃದಯದ್ದು ಸಾಮಾನ್ಯವಾಗಿ ಅಲ್ಲೇ ಉಳಿಯುವ ಲೋಹದ ಜಾಲರಿ. ಇದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ, ಹಾಕಿದ ಮೇಲೆ ತೆಗೆಯಲೇಬೇಕು. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಸುರುಳಿ ಸುತ್ತಿ ಕೂರುತ್ತದೆ. ಆ ಬಾಗಿದ ತುದಿಗಳಿಂದಲೇ ‘ಡಬಲ್ ಜೆ’ ಎಂಬ ಹೆಸರು; ವಾರ್ಡಿನಲ್ಲಿ ಎಲ್ಲರಿಗೂ ಅದು ಡಿಜೆ ಸ್ಟೆಂಟ್. 1978ರಿಂದ ಬಳಕೆಯಲ್ಲಿದೆ.

ಮೊದಲು ಕೇಳಬೇಕಾದ ಪ್ರಶ್ನೆ: ನನಗೆ ಯಾಕೆ ಬೇಕು? ಕಲ್ಲು ಇರುವವರಿಗೆಲ್ಲ ಮುಂಚಿತವಾಗಿ ಇದನ್ನು ಹಾಕುವ ಅಗತ್ಯವಿಲ್ಲ.

ಕಾರಣಗಳಲ್ಲಿ ಎರಡು ಮುಖ್ಯ. ಕಲ್ಲು ಮೂತ್ರನಾಳಕ್ಕೆ ಅಡ್ಡ ಕೂತು, ಹಿಂದೆ ನಿಂತ ಮೂತ್ರದಲ್ಲಿ ಸೋಂಕು ಹತ್ತಿ, ರೋಗಿ ಚಳಿಜ್ವರದಲ್ಲಿ ನಡುಗುತ್ತಿದ್ದರೆ ಆಗ ಕಲ್ಲಿಗೆ ಕೈ ಹಚ್ಚುವಂತಿಲ್ಲ. ಸೋಂಕು ರಕ್ತಕ್ಕೆ ಹರಡಿ ಜೀವಕ್ಕೇ ಕುತ್ತು. ಮೊದಲು ಸ್ಟೆಂಟ್ ಹಾಕಿ ಮೂತ್ರ ಹರಿಯಲು ಬಿಡುತ್ತಾರೆ, ಆ್ಯಂಟಿಬಯೋಟಿಕ್ ಕೊಡುತ್ತಾರೆ, ಕಲ್ಲಿನ ಸರದಿ ಆಮೇಲೆ. ಎರಡನೆಯದು ಬಿಗಿ ನಾಳ. ಹೊಟ್ಟೆ ಕೊಯ್ಯದೆ ಮೂತ್ರದ್ವಾರದಿಂದಲೇ ಸಣ್ಣ ದುರ್ಬೀನು ತೂರಿಸಿ, ಲೇಸರಿನಿಂದ ಕಲ್ಲು ಪುಡಿ ಮಾಡುವ ಆರ್‌ಐಆರ್‌ಎಸ್‌ಗೆ ದಾರಿ ಬೇಕಲ್ಲ! ನಾಳದ ಅಗಲ ಮೂರ್ನಾಲ್ಕು ಮಿಲಿಮೀಟರ್. ಬಲವಂತ ಮಾಡಿದರೆ ನಾಳವೇ ಹರಿದೀತು. ಸ್ಟೆಂಟ್ ಒಂದೆರಡು ವಾರ ಒಳಗಿದ್ದರೆ ನಾಳ ತಾನಾಗಿ ಸಡಿಲಗೊಳ್ಳುತ್ತದೆ.

ಹಾಕುವ ಮುನ್ನ ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಔಷಧದ ಅಲರ್ಜಿ, ಗರ್ಭಿಣಿಯಾಗಿರುವ ಸಾಧ್ಯತೆ ಎಲ್ಲವನ್ನೂ ಹೇಳಬೇಕು. ಮಾತ್ರೆಯನ್ನು ತಾವೇ ನಿಲ್ಲಿಸುವ ಜಾಣತನ ಬೇಡ. ಯೂರಿನ್ ಕಲ್ಚರ್ ವರದಿ ಕೈಯಲ್ಲಿರಲಿ. ಅರಿವಳಿಕೆ ಕೊಟ್ಟು, ಎಕ್ಸ್‌ರೇ ನೋಡುತ್ತ ತೆಳುವಾದ ತಂತಿಯ ಮೇಲೆ ಸ್ಟೆಂಟ್ ಜಾರಿಸುವ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯದು.

ಕಷ್ಟ ಆಮೇಲಿನದು. ಪದೇ ಪದೇ ಮೂತ್ರಕ್ಕೆ ಅವಸರ, ಉರಿ, ಮೂತ್ರ ಮಾಡುವಾಗ ಸೊಂಟದ ಪಕ್ಕ ಚುಳುಕು. ಮೆಟ್ಟಿಲು ಹತ್ತಿದ ದಿನ, ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದ ದಿನ ಮೂತ್ರ ಕೆಂಪಗಾಗುವುದುಂಟು. ನೀರು ಕುಡಿದು ವಿಶ್ರಾಂತಿ ಪಡೆದರೆ ತಿಳಿಯಾಗುತ್ತದೆ. ಕಿರಿಕಿರಿ ತಗ್ಗಿಸಲು ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಬರೆದುಕೊಡುತ್ತಾರೆ. ಹೃದಯ, ಕಿಡ್ನಿ ವೈಫಲ್ಯ ಇರುವವರು ಎಷ್ಟು ನೀರು ಎಂದು ಕೇಳಿಯೇ ಕುಡಿಯಬೇಕು. ಬಾಳೆದಿಂಡಿನ ರಸ ನಾಲಿಗೆಗೆ ಹಿತ. ಸ್ಟೆಂಟಿನ ಉರಿಗೆ ಅದು ಮದ್ದಲ್ಲ. ಆದರೆ ಚಳಿಜ್ವರ, ರಕ್ತದ ಗಡ್ಡೆ, ತಡೆಯಲಾಗದ ನೋವು, ಮೂತ್ರ ಕಟ್ಟುವುದು: ಇವಕ್ಕೆ ಬೆಳಗಾಗುವವರೆಗೂ ಕಾಯಬಾರದು.

ಆಪರೇಷನ್ ದಿನ ಹಳೆಯ ಸ್ಟೆಂಟ್ ಹೊರಬರುತ್ತದೆ, ಕಲ್ಲು ಪುಡಿಯಾಗುತ್ತದೆ, ಹಲವು ಸಲ ಹೊಸ ಸ್ಟೆಂಟ್ ಒಳಹೋಗುತ್ತದೆ! ನಾಳದ ಊತ ಇಳಿಯುವವರೆಗೆ ಅದು ಬೇಕು. ಮುಂದೆ ಅರಿವಳಿಕೆ ಜೆಲ್ ಹಾಕಿ ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ.

ಎಡವಟ್ಟಾಗುವುದು ಇಲ್ಲೇ. ನೋವು ಹೋಯಿತೆಂದು ರೋಗಿ ಸ್ಟೆಂಟನ್ನೇ ಮರೆಯುತ್ತಾನೆ. ಸಾಮಾನ್ಯ ಸ್ಟೆಂಟ್ ಮೂರು ತಿಂಗಳು ಮೀರಿದರೆ ಅದರ ಮೇಲೇ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚು. ಕೊಳವೆ ತೆಗೆಯಲು ಮತ್ತೊಂದು ಆಪರೇಷನ್ ಬೇಕಾದೀತು. ಹಾಕಿದ ತಾರೀಕು, ತೆಗೆಸಬೇಕಾದ ತಾರೀಕು, ಎಡವೋ ಬಲವೋ ಎರಡೂ ಕಡೆಯೋ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಮನೆಗೆ ಹೊರಡಬೇಕು. ಗೋಡೆಯ ಕ್ಯಾಲೆಂಡರಿನಲ್ಲೂ ಒಂದು ಗುರುತು ಹಾಕಿಡಬೇಕು.