ಹೆಸರೂ ಪೂರ್ವಜರೂ

ನಮ್ಮ ಸೀಮೆಯಲ್ಲಿ ಹೊಸಬರನ್ನು ಕಂಡರೆ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ: ಹೆಸರೇನು, ಯಾರ ಮಗ, ಯಾವೂರು? ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸು ತೆರಕಣಾಂಬಿಯನ್ನು ತಲಪುವಷ್ಟರಲ್ಲಿ ಕೇಳಿದವರು ನಮ್ಮ ಕುಲವನ್ನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿರುತ್ತಾರೆ. ಹೆಸರಿನಿಂದ ಪೂರ್ವಜರನ್ನು ಹೀಗೆ ತಿಳಿಯಲು ಸಾಧ್ಯವೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾನೂ ಈ ವಿಷಯದಲ್ಲಿ ತಪ್ಪು ಮಾಡಿದವನೇ. ಮೊದಲನೆಯ ವರ್ಷದಲ್ಲಿ ಗುಂಡ್ಲುಪೇಟೆಯ ಕಡೆಯ ಸಹಪಾಠಿಯೊಬ್ಬನ ಹೆಸರಿನ ಕೊನೆಯಲ್ಲಿ 'ಖಾನ್' ಎಂದಿರುವುದನ್ನು ನೋಡಿ, "ನೀವು ಪಠಾಣರು, ಕಾಬೂಲಿನಿಂದ ಬಂದವರು" ಎಂದು ಹತ್ತು ಮಂದಿಯ ಎದುರಿಗೆ ಹೇಳಿದೆ. ಎಲ್ಲರೂ ನಕ್ಕರು. ಅಂದಿನಿಂದ ಅವನಿಗೆ 'ಕಾಬೂಲಿ' ಎಂಬ ಅಡ್ಡಹೆಸರು ಅಂಟಿಕೊಂಡಿತು. ಅವನು ಏನೂ ಹೇಳಲಿಲ್ಲ. ನನ್ನ ಪಕ್ಕದಲ್ಲಿ ಕೂರುವುದನ್ನು ಮಾತ್ರ ಬಿಟ್ಟ.

ಮನಸ್ಸಿಗೆ ಸಮಾಧಾನವಿಲ್ಲದೆ ಗ್ರಂಥಾಲಯದಲ್ಲಿ ಈ ವಿಷಯವನ್ನು ಓದತೊಡಗಿದೆ. ಪಠಾಣರಲ್ಲಿ ವಂಶವನ್ನು ಸೂಚಿಸುವ ಪದ 'ಖಾನ್' ಅಲ್ಲವೇ ಅಲ್ಲ. ಅವರ ಪಶ್ತೋ ಭಾಷೆಯಲ್ಲಿ 'ಝೈ' ಎಂದರೆ ಸಂತತಿ. ಯೂಸುಫ್‌ಝೈ ಎಂದರೆ ಯೂಸುಫನ ಸಂತತಿಯವರು. 'ಖೇಲ್' ಎಂಬುದು ಬುಡಕಟ್ಟಿನ ಒಂದು ಕವಲು. 'ಖಾನ್' ಎಂಬುದಾದರೋ ಮಧ್ಯ ಏಷ್ಯದ ತುರ್ಕರಲ್ಲಿಯೂ ಮಂಗೋಲರಲ್ಲಿಯೂ ಒಡೆಯನಿಗಿದ್ದ ಬಿರುದು. ಚೆಂಗಿಸ್ ಖಾನನು ಪಠಾಣನಲ್ಲ, ಮುಸಲ್ಮಾನನೂ ಅಲ್ಲ. ಅಕ್ಬರನ ಪೋಷಕನಾಗಿದ್ದ ಬೈರಾಮ್ ಖಾನನು ತುರ್ಕಮಾನ್ ಮೂಲದವನು. ನಮ್ಮ ನಾಡಿನಲ್ಲಿ ಪಠಾಣ ಮನೆತನಗಳು ಇಲ್ಲವೆಂದಲ್ಲ. ಸವಣೂರಿನ ನವಾಬರು ಅಫಘಾನರ ಮಿಯಾನಾ ಪಂಗಡಕ್ಕೆ ಸೇರಿದವರು. ಆದರೆ ಅವರ ಮೂಲವನ್ನು ಹೇಳುವುದು ಮಿಯಾನಾ ಎಂಬ ಪಂಗಡದ ಹೆಸರು. ಖಾನ್ ಎಂಬ ಬಿರುದಲ್ಲ.

ಇನ್ನು ನಮ್ಮ ಹೆಸರುಗಳನ್ನೇ ನೋಡೋಣ. ತರಗತಿಯಲ್ಲಿ ಹಾಜರಿ ಕೂಗುವಾಗ ಮಾದಪ್ಪ, ಮಹದೇವಸ್ವಾಮಿ, ಮಾದೇಶ, ಮಾದಮ್ಮ ಎಂಬ ಹೆಸರುಗಳು ಎಷ್ಟು ಬಾರಿ ಬರುತ್ತವೆ! ಇವರೆಲ್ಲ ಒಂದೇ ಕುಲದವರೇನು? ಅಲ್ಲ. ಇವರ ತಾಯಂದಿರು ಮಲೆ ಮಹದೇಶ್ವರನಿಗೆ ಹರಕೆ ಹೊತ್ತಿದ್ದರು, ಅಷ್ಟೆ. ಸಿದ್ದರಾಜು, ರಾಚಯ್ಯ ಎಂಬ ಹೆಸರುಗಳು ಸಿದ್ದಪ್ಪಾಜಿ, ರಾಚಪ್ಪಾಜಿಯವರ ಮೇಲಣ ಭಕ್ತಿಯನ್ನು ತೋರಿಸುತ್ತವೆ. ಬಯಲಿನ ಒಕ್ಕಲಿಗರಂತೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಸರುಗಳಲ್ಲಿಯೂ 'ಗೌಡ' ಎಂಬುದು ಬರುತ್ತದೆ. ಆದರೆ ಇಬ್ಬರ ಮೂಲವೂ ಬೇರೆ. ಸೋಲಿಗರು ಸಂಬಂಧ ಬೆಳೆಸುವಾಗ ಹೆಸರನ್ನು ನೋಡುವುದಿಲ್ಲ, ಕುಲವನ್ನು ಕೇಳುತ್ತಾರೆ. ಒಂದೇ ಕುಲದಲ್ಲಿ ಮದುವೆಯಿಲ್ಲ. ತಮ್ಮ ಹೆಣ್ಣನ್ನು ವರಿಸಿದನೆಂದು ರಂಗನಾಥನನ್ನು ಅವರು ಭಾವನೆಂದು ಕರೆಯುತ್ತಾರೆ. ಹೀಗಿರಲು ಅವರಲ್ಲಿ ರಂಗನ ಹೆಸರು ಪೂರ್ವಜನ ಹೆಸರಲ್ಲ, ನೆಂಟನ ಹೆಸರು!

ಹಾಗಾದರೆ ಹೆಸರಿಗೂ ಪೂರ್ವಜರಿಗೂ ಸಂಬಂಧವೇ ಇಲ್ಲವೇ? ಉಂಟು. ಅದಕ್ಕೆ ನಮ್ಮ ಎರಡು ಊರುಗಳೇ ಸಾಕ್ಷಿ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗಾಗಿ ಕಟ್ಟಿಸಿದರು. ಅರಿಕುಠಾರವೆಂಬ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ಅಲ್ಲಿ ಜನಿಸಿದ ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನೂ ಕಟ್ಟಿಸಿದರು. ಅರಸರು ಊರಿಗೆ ಮಾಡಿದುದನ್ನೇ ಬಡವರು ಮೊಮ್ಮಗನಿಗೆ ಮಾಡುತ್ತಾರೆ. ತಾತನ ಹೆಸರನ್ನು ಇಡುತ್ತಾರೆ.

ಓದಿದುದನ್ನೆಲ್ಲ ನನ್ನ ಸಹಪಾಠಿಗೆ ಹೇಳಿ ತಪ್ಪೊಪ್ಪಿಕೊಂಡೆ. ಅವನು ನಕ್ಕು, ಹಬ್ಬದ ರಜೆಯಲ್ಲಿ ಮನೆಗೆ ಕರೆದೊಯ್ದ. ಅವನ ತಾತನವರು ಜಗಲಿಯ ಮೇಲೆ ಕುಳಿತಿದ್ದರು. ನಾನು ಮತ್ತೆ ಅದೇ ಮಾತನ್ನು ಎತ್ತಿದಾಗ ಹೇಳಿದರು: "ಕಾಬೂಲು ನಾ ಕಂಡಿಲ್ಲ ಮಗಾ, ನಮ್ಮಪ್ಪನೂ ಕಂಡಿಲ್ಲ. ನೀವು ಅಪ್ಪ, ಅಯ್ಯ ಅಂತ ಸೇರಿಸಲ್ವಾ, ಹಂಗೇ ನಮಗೆ ಖಾನು. ಇವನಿಗೆ ಇಟ್ಟಿರೋದು ನಮ್ಮಣ್ಣನ ಹೆಸರು. ಈ ಊರ ಕೆರೆ ಏರಿ ಒಡೆದಾಗ ಮಣ್ಣು ಹೊತ್ತವನು. ಇಲ್ಲೇ ಮಣ್ಣಾದ."

ನನಗೆ ಉತ್ತರ ತೋಚಲಿಲ್ಲ. ಹೆಸರಿನಲ್ಲಿ ನಾನು ಹುಡುಕಿದ್ದು ದೂರದ ದೇಶವನ್ನು. ಅದರಲ್ಲಿದ್ದುದು ಕಣ್ಣೆದುರಿನ ಕೆರೆ. ಹೆಸರು ಜಾತಿಯನ್ನು ಅಳೆಯುವ ಮೊಳಕೋಲಲ್ಲ. ಅದನ್ನು ಇಟ್ಟವರು ಯಾರನ್ನು ನೆನೆದರು, ಯಾವ ದೇವರಿಗೆ ಕೈಮುಗಿದರು ಎಂಬುದನ್ನು ಮಾತ್ರ ಅದು ಹೇಳಬಲ್ಲದು. ಆದುದರಿಂದ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ: ಹೊಸಬರನ್ನು ಕಂಡಾಗ ಹೆಸರನ್ನು ಕೇಳೋಣ, ಆ ಹೆಸರು ಹೇಗೆ ಬಂದಿತೆಂಬುದನ್ನು ಅವರೇ ಹೇಳುವವರೆಗೆ ಕಾಯೋಣ.