ಬೇಕಿಂಗ್ ಸ್ಟೋನ್‌ವೇರ್ ಪಳಗಿಸಲು ಎಂಟು ಸೂತ್ರಗಳು

ದೋಸೆ ಕಾವಲಿ ಪಳಗಿಸಿ ಗೊತ್ತಿರುವ ಕೈಗೆ ಸ್ಟೋನ್‌ವೇರ್ ಕಷ್ಟವಲ್ಲ. ಆದರೆ ಇದು ಕಬ್ಬಿಣಕ್ಕಿಂತ ನಾಜೂಕು. ಎಣ್ಣೆಯಲ್ಲಿ ಜಿಪುಣತನ, ಬಿಸಿಯಲ್ಲಿ ನಿಧಾನ, ಇವೆರಡು ಇದ್ದವರಿಗೆ ಬಿಸ್ಕತ್ತು ತಳ ಹಿಡಿಯದೆ ಎದ್ದು ಬರುತ್ತದೆ.

1. ಮೊದಲು ಪಾತ್ರೆಯ ಮೈ ಮುಟ್ಟಿ ನೋಡಿ. ಉಪ್ಪಿನಕಾಯಿ ಜಾಡಿಯಂತೆ ಒಳಗೂ ಗಾಜಿನ ಹೊಳಪಿದ್ದರೆ ಪಳಗಿಸುವುದೇ ಬೇಡ. ಬೇಯಿಸುವ ಮುನ್ನ ಬೆಣ್ಣೆ ಸವರಿದರೆ ಸಾಕು. ಒಳಮೈ ಮಂಕಾಗಿ, ತರಿತರಿಯಾಗಿದ್ದರೆ ಮಾತ್ರ ಮುಂದಿನ ಸೂತ್ರಗಳು. ಪಿಜ್ಜಾ ಕಲ್ಲಿಗಂತೂ ಎಣ್ಣೆ ತಾಗಿಸಲೇಬೇಡಿ. ಅದನ್ನು ತುಂಬ ಕಾಯಿಸುವುದರಿಂದ ಕುಡಿದ ಎಣ್ಣೆಯೆಲ್ಲ ಹೊಗೆಯಾಗುತ್ತದೆ.

2. ಎಣ್ಣೆ ಆರಿಸುವಾಗ ಯೋಚಿಸಿ. ಪಳಗುವುದೆಂದರೆ ಎಣ್ಣೆ ಇಂಗುವುದಷ್ಟೇ ಅಲ್ಲ. ಬಿಸಿ ಮತ್ತು ಗಾಳಿಯ ಆಮ್ಲಜನಕ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗಬೇಕು. ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಹೀಗೆ ಹೆಣೆದುಕೊಳ್ಳುವ ಲಿನೋಲಿಕ್ ಆಮ್ಲ ಸಾಮಾನ್ಯವಾಗಿ ಹೇರಳ. ಉತ್ತರ ಕರ್ನಾಟಕದ ಮನೆಗಳಲ್ಲಿ ಕುಸುಬೆ ಎಣ್ಣೆ ಹೇಗೂ ಪರಿಚಿತ. ಇಲ್ಲಿ ನನ್ನ ಓಟು ಅದರ ರಿಫೈನ್ಡ್ ರೂಪಕ್ಕೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90% ಸ್ಯಾಚುರೇಟೆಡ್ ಕೊಬ್ಬು. ರುಚಿಗೆ ಅದು ಚೆನ್ನ, ಪದರ ಕಟ್ಟಲು ಬಾರದು. ಸ್ಪ್ರೇ ಡಬ್ಬಿಗಳೂ ಬೇಡ, ಅವುಗಳಲ್ಲಿರುವ ಲೆಸಿಥಿನ್ ಗೋಂದಿನಂತೆ ಅಂಟಿ ಕೂರುತ್ತದೆ.

3. ಸವರಿ, ಆಮೇಲೆ ಒರೆಸಿ. ಒಂದು ಚಮಚ ಎಣ್ಣೆಯನ್ನು ಬಟ್ಟೆಯಿಂದ ಒಳಮೈಗೆಲ್ಲ ತಿಕ್ಕಿ. ಐದು ನಿಮಿಷ ಬಿಟ್ಟು, ಹಚ್ಚಿದ್ದೇ ತಪ್ಪಾಯಿತೇನೋ ಎಂಬಂತೆ ಒಣಬಟ್ಟೆಯಲ್ಲಿ ಒರೆಸಿಬಿಡಿ. ಉಳಿದ ಆ ತೇವವೇ ಸಾಕು. ದಪ್ಪಗೆ ಹಚ್ಚಿದರೆ ಮೇಲ್ಪದರ ಗಟ್ಟಿಯಾಗಿ ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ಪಾತ್ರೆ ಕೈಗೆ ಅಂಟುತ್ತದೆ, ವಾರ ಕಳೆದರೆ ಕಮಟು ವಾಸನೆ.

4. ತಣ್ಣನೆಯ ಓವನ್‌ನಲ್ಲಿಟ್ಟು ಕಾಯಿಸಿ. ಮೊದಲು 100 ಡಿಗ್ರಿ ಸೆಲ್ಸಿಯಸ್, ಕಾಲು ಗಂಟೆಯ ನಂತರ 150, ಆಮೇಲೆ 200. ಅಲ್ಲಿ ಅರ್ಧ ಗಂಟೆ ಇರಲಿ, ಓವನ್‌ನಲ್ಲೇ ಆರಲಿ. ಓಟಿಜಿ ಇದ್ದವರು ನಡುವಿನ ಅಂತಸ್ತಿನಲ್ಲಿಡಿ, ಕೆಂಪಾಗುವ ರಾಡ್‌ಗೆ ಪಾತ್ರೆ ಹತ್ತಿರವಾಗಬಾರದು. ಖಾಲಿ ಪಾತ್ರೆ ಕಾಯಿಸಬೇಡಿ ಎಂದು ತಯಾರಕರ ಸೂಚನೆಯಲ್ಲಿದ್ದರೆ ಈ ಸೂತ್ರ ಬಿಟ್ಟು ಐದನೆಯದಕ್ಕೆ ಹೋಗಿ. ನಿಧಾನವಾದರೂ ಫಲ ಅದೇ.

5. ಮೊದಮೊದಲು ಜಿಡ್ಡಿನ ತಿಂಡಿಗಳನ್ನೇ ಬೇಯಿಸಿ. ನಾನ್‌ಖಟಾಯಿ, ಬೆಣ್ಣೆ ಬಿಸ್ಕತ್ತು, ಅಯ್ಯಂಗಾರ್ ಬೇಕರಿ ಬಗೆಯ ಖಾರ ಬಿಸ್ಕತ್ತು. ಇವುಗಳ ತುಪ್ಪ, ಬೆಣ್ಣೆ ಸಣ್ಣ ರಂಧ್ರಗಳಿಗೆ ಇಳಿಯುತ್ತವೆ. ಪಾಕ ಸೋರುವ ಹಣ್ಣಿನ ಕೇಕ್, ಬರೀ ಹಿಟ್ಟು-ನೀರಿನ ಬ್ರೆಡ್ ಸ್ವಲ್ಪ ಕಾಯಲಿ.

6. ಫ್ರಿಜ್‌ನಿಂದ ಸೀದಾ ಓವನ್‌ಗೆ ಬೇಡ. ಓವನ್‌ನಿಂದ ಸೀದಾ ಒದ್ದೆ ಗ್ರಾನೈಟ್ ಕಟ್ಟೆಗೂ ಬೇಡ. ಒಂದು ಭಾಗ ಹಿಗ್ಗಿ ಇನ್ನೊಂದು ಹಾಗೇ ಉಳಿದರೆ ಪಾತ್ರೆ ಸೀಳುತ್ತದೆ. ಮರದ ಮಣೆ ಅಥವಾ ಮಡಚಿದ ಒಣ ಟವೆಲ್ ಮೇಲೆ ಇಳಿಸಿ.

7. ಸೋಪು ದೂರವಿರಲಿ. ಹೊಳಪಿಲ್ಲದ ಮೈ ಅದರ ವಾಸನೆ ಹೀರಿಕೊಂಡು ಮುಂದಿನ ಕೇಕ್‌ಗೆ ಕೊಡುತ್ತದೆ. ಪೂರ್ತಿ ಆರಿದ ಮೇಲೆ ಬಿಸಿನೀರು, ನೈಲಾನ್ ಬ್ರಶ್. ಹಟಮಾರಿ ಕಲೆಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ತೊಳೆಯಿರಿ. ಕಂದು ಬಣ್ಣ ಮಾತ್ರ ಉಜ್ಜಿ ತೆಗೆಯಬೇಡಿ. ನೀವು ಇಷ್ಟು ದಿನ ಗಳಿಸಿದ ಪದರವೇ ಅದು.

8. ಮಳೆಗಾಲದಲ್ಲಿ, ಮಲೆನಾಡು ಕರಾವಳಿಗಳಲ್ಲಿ ವಿಶೇಷವಾಗಿ, ತೊಳೆದ ಪಾತ್ರೆ ಇಡೀ ದಿನ ಗಾಳಿಗಿರಲಿ. ಇಲ್ಲದಿದ್ದರೆ ಮುಂದಿನ ಸಲ ಕಾಯಿಸುವಾಗ ಒಳಗುಳಿದ ನೀರು ಆವಿಯಾಗುವ ರಭಸಕ್ಕೆ ಬಿರುಕು ಬಿಡಬಹುದು. ಅಂಟಾದ ಪಾತ್ರೆಯನ್ನು ಎಸೆಯಬೇಡಿ: ಸೋಡಾದಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚದೆ ಬೋರಲಾಗಿಟ್ಟು ನಾಲ್ಕನೇ ಸೂತ್ರದಂತೆಯೇ ಕಾಯಿಸಿ. ಖಾಲಿ ಕಾಯಿಸಬಾರದ ಪಾತ್ರೆಯಾದರೆ ಸೋಡಾದ ತೊಳೆತವನ್ನೇ ಎರಡು ಮೂರು ಸಲ ಮಾಡಿ.