ನಾಯಿಗೆ ‘ಕೈ ಕೊಡು’ ಕಲಿಸುವ ಬಗೆ

ತೋಟವಿದ್ದಲ್ಲಿ ನಾಯಿ ಇದ್ದೇ ಇದೆ. ಕಣದಲ್ಲಿ ಹರಡಿದ ಕಾಫಿಗೂ ಅಂಗಳದ ಅಡಿಕೆಗೂ ರಾತ್ರಿಯ ಕಾವಲು ಅದರದೇ. ಆದರೆ ಗೊಬ್ಬರ, ಬೋರ್ಡೋ ದ್ರಾವಣ, ಕಪಾತುಗಳ ವಿಷಯವಾಗಿ ನಾವು ಆಡುವ ಮಾತಿನ ನೂರರಲ್ಲೊಂದು ಪಾಲನ್ನೂ ಈ ಕಾವಲುಗಾರನ ವಿಷಯವಾಗಿ ಆಡುವುದಿಲ್ಲ. ಆ ಕೊರತೆಯನ್ನು ತುಂಬಲೆಂದು ಈ ಸಲ ಒಂದು ಚಿಕ್ಕ ಪಾಠ: ಹೊಡೆಯದೆ, ಬಯ್ಯದೆ, ನಾಯಿಗೆ ಕೈ ಕೊಡಲು ಕಲಿಸುವುದು ಹೇಗೆ?

ಇದೇನು ಮಕ್ಕಳಾಟ ಎಂದು ಸದಸ್ಯರಲ್ಲಿ ಕೆಲವರು ನಗಬಹುದು. ಆಟವೇ ಹೌದು, ಮನೆಯ ಮಕ್ಕಳೇ ಇದನ್ನು ಚೆನ್ನಾಗಿ ಕಲಿಸಬಲ್ಲರು. ಆದರೆ ತಾನಾಗಿ ಮುಂಗಾಲು ನೀಡುವ ನಾಯಿಯ ಪಾದದಿಂದ ಮುಳ್ಳು ತೆಗೆಯಬಹುದು. ಬೆರಳ ಸಂದಿನ ಉಣ್ಣಿ, ಜಿಗಣೆಗಳನ್ನು ನೋಡಬಹುದು. ಪಶುವೈದ್ಯರು ಸೂಜಿ ಹಿಡಿದು ಬಂದಾಗ ನಾಲ್ಕು ಆಳು ಸೇರಿ ಅದನ್ನು ಅದುಮಿ ಹಿಡಿಯಬೇಕಾಗಿಲ್ಲ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಕರೆತಂದ ನಾಯಿ, ಯಾರಿಗೂ ಮೈ ಮುಟ್ಟಗೊಡದೆ ಹಗ್ಗ ಕಿತ್ತುಕೊಂಡು ಓಡಿ, ಲಸಿಕೆಯಿಲ್ಲದೆಯೇ ಮನೆಗೆ ಮರಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ನಾಯಿ ಮರುದಿನ ಮಲಗುವುದು ನಮ್ಮ ಮಕ್ಕಳು ಆಡುವ ಜಗಲಿಯ ಮೇಲೆಯೇ. ಮನುಷ್ಯರಿಗೆ ರೇಬೀಸ್ ತಗಲುವ ನೂರು ಪ್ರಕರಣಗಳಲ್ಲಿ ಸುಮಾರು 99ರಲ್ಲಿ ನಾಯಿಯೇ ಕಾರಣ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಈ ಆಟ ಬರೀ ಆಟವಲ್ಲ.

ಕಲಿಕೆಯ ಗುಟ್ಟು

ರಷ್ಯದ ಪಾವ್ಲೋವ್ ನಾಯಿಗಳನ್ನಿಟ್ಟುಕೊಂಡು ಮಾಡಿದ ಪ್ರಯೋಗಗಳನ್ನು ಕಾಲೇಜಿನಲ್ಲಿ ಓದಿದವರಿಗೆ ನೆನಪಿರಬಹುದು. ಊಟಕ್ಕೆ ಮುಂಚೆ ಒಂದು ಸದ್ದು ಪದೇ ಪದೇ ಕೇಳಿಸಿದರೆ, ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. 1898ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಸಂಗತಿ ಕಂಡುಕೊಂಡರು. ಯಾವ ಕೆಲಸದಿಂದ ಲಾಭವಾಯಿತೋ ಅದನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ. ಅದೇ ದೇಶದ ಸ್ಕಿನ್ನರ್ 1951ರ ಡಿಸೆಂಬರಿನಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಸಾಮಾನ್ಯ ಮನೆಯವರೂ ನಾಯಿಗೆ ಹೀಗೆಯೇ ಕಲಿಸಬಹುದೆಂದು ತೋರಿಸಿಕೊಟ್ಟರು. ಮಕ್ಕಳ ಟಿಕ್ ಟಿಕ್ ಆಟಿಕೆಯೊಂದು, ಕೈಯಲ್ಲಿ ಕೊಂಚ ತಿಂಡಿ, ಇಷ್ಟೇ ಸಲಕರಣೆ. ಟಿಕ್ ಎಂದರೆ ‘ಈಗ ಮಾಡಿದ್ದು ಸರಿ, ತಿಂಡಿ ಬರುತ್ತಿದೆ’ ಎಂದರ್ಥ.

ನಮಗೆ ಆಟಿಕೆಯೂ ಬೇಡ. ‘ಭೇಷ್’ ಎಂಬ ಒಂದು ಮಾತು ಸಾಕು.

ಯಾವ ತಿಂಡಿ, ಯಾವುದು ಬೇಡ

ಬಹುಮಾನದ ತುಂಡು ಕಾಫಿಬೀಜಕ್ಕಿಂತ ದೊಡ್ಡದಿರಬಾರದು. ಹೊಟ್ಟೆ ತುಂಬಿದ ನಾಯಿ ಪಾಠ ಕಲಿಯುವುದಿಲ್ಲ. ಬೇಯಿಸಿದ ಮೊಟ್ಟೆ, ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಯ ಈಲಿ, ರೊಟ್ಟಿಯ ಚೂರು, ಇವುಗಳಲ್ಲಿ ನಿಮ್ಮ ನಾಯಿ ಯಾವುದಕ್ಕೆ ಬಾಲವಾಡಿಸುತ್ತದೋ ಅದು. ಚಾಕಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಬೇಡವೇ ಬೇಡ. ಬೇಯಿಸಿದ ಮೂಳೆಯೂ ಬೇಡ, ಅದು ಸೀಳಿ ಗಂಟಲಲ್ಲಿ ನಾಟುತ್ತದೆ.

ಇಲ್ಲಿ ನಾವು ಬೆಳೆಗಾರರು ಗಮನಿಸಬೇಕಾದ ಮಾತೊಂದಿದೆ. ನಮ್ಮ ಎರಡು ಬೆಳೆಗಳೂ ನಾಯಿಗೆ ವಿಷವೇ. ಕಾಫಿಯ ಕೆಫೀನ್ ಅದರ ಎದೆಬಡಿತವನ್ನು ಏರಿಸಿ ನಡುಕ, ಸೆಳವು ತರಬಲ್ಲದು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಹಿಂದೆ ಪಶುವೈದ್ಯರು ನಾಯಿಯ ಹೊಟ್ಟೆಯ ಲಾಡಿಹುಳು ಕೆಡವಲು ಔಷಧಿಯಾಗಿ ಕೊಡುತ್ತಿದ್ದರು. ಜೊಲ್ಲು, ವಾಂತಿ, ಭೇದಿ ಮಿತಿಮೀರುತ್ತಿದ್ದುದರಿಂದ, ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಆದ್ದರಿಂದ ಮರಿಗಳು ಕಣದಲ್ಲಿ ಅಡಿಕೆ ಕಡಿದು ಆಡದಂತೆ ನೋಡಿಕೊಳ್ಳಬೇಕು.

ಪಾಠದ ಕ್ರಮ

ಊಟಕ್ಕೆ ಮೊದಲು, ಗದ್ದಲವಿಲ್ಲದ ಹೊತ್ತಿನಲ್ಲಿ ಕೂರಿಸಿಕೊಳ್ಳಿ. ಆಳುಗಳು ಕಾಫಿ ಅಳೆಸುವ ಸಂಜೆ ಇದಕ್ಕೆ ಸಲ್ಲದು. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಸಲ, ಅಷ್ಟೇ.

1. ಮೊದಲು ‘ಭೇಷ್’ ಎನ್ನಿ, ಕೂಡಲೇ ಒಂದು ತುಂಡು ಕೊಡಿ. ಹೀಗೆ ಹತ್ತು ಹದಿನೈದು ಬಾರಿ. ಆ ಮಾತು ಕೇಳಿದೊಡನೆ ನಾಯಿ ಕಿವಿ ನಿಮಿರಿಸಿ ನಿಮ್ಮ ಕಡೆ ನೋಡಿದರೆ ಅದು ನಾಟಿತೆಂದು ತಿಳಿಯಿರಿ.

2. ತಿಂಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಾಯಿಯ ಎದೆಯಷ್ಟು ಎತ್ತರದಲ್ಲಿ ಚಾಚಿ. ಅದು ಮೂಸುತ್ತದೆ, ನೆಕ್ಕುತ್ತದೆ, ಮೂತಿಯಿಂದ ನೂಕುತ್ತದೆ. ಸುಮ್ಮನಿರಿ. ಬೇಸತ್ತು ಒಮ್ಮೆ ಪಂಜದಿಂದ ಕೆರೆಯುತ್ತದೆ. ಪಂಜ ತಗಲಿದ ಕ್ಷಣದಲ್ಲೇ ‘ಭೇಷ್’ ಎಂದು ಮುಷ್ಟಿ ಬಿಚ್ಚಿ. ಎರಡು ಕ್ಷಣ ತಡವಾದರೆ ಅದು ಬೇರೇನನ್ನೋ ಕಲಿತಿರುತ್ತದೆ.

3. ಪಂಜ ಎತ್ತದ ನಾಯಿಯೂ ಉಂಟು. ಅಂಥದಕ್ಕೆ ಇನ್ನೂ ಚಿಕ್ಕ ಹೆಜ್ಜೆ ಬೇಕು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬಿಟ್ಟರೂ ಭೇಷ್, ಪಂಜ ನೆಲದಿಂದ ಬೆರಳಷ್ಟು ಎದ್ದರೂ ಭೇಷ್. ನೀವಾಗಿ ಕಾಲು ಹಿಡಿದು ಎತ್ತಬೇಡಿ. ಎಳೆದ ಕಾಲನ್ನು ನಾಯಿ ಹಿಂದಕ್ಕೆಳೆಯುತ್ತದೆ, ಅಲ್ಲಿಗೆ ಪಾಠ ಕೆಟ್ಟಿತು.

4. ಮುಷ್ಟಿಗೆ ತಪ್ಪದೆ ಪಂಜವಿಡತೊಡಗಿದ ಮೇಲೆ ಬರಿಯ ಅಂಗೈ ಚಾಚಿ. ತಿಂಡಿ ಇನ್ನೊಂದು ಕೈಯಿಂದ ಬರಲಿ.

5. ಈಗ ಮಾತು ಸೇರಿಸಿ. ಅಂಗೈ ಚಾಚುವ ಮುನ್ನ ‘ಕೈ ಕೊಡು’ ಎನ್ನಿ. ಒಂದೇ ಬಾರಿ. ಹತ್ತು ಬಾರಿ ಕೂಗಿದರೆ, ಹತ್ತನೆಯದಕ್ಕೆ ಕೊಟ್ಟರಾಯಿತೆಂದು ನಾಯಿ ತಿಳಿಯುತ್ತದೆ.

6. ಜಗಲಿ, ಕಣ, ತೋಟದ ದಾರಿ, ಹೀಗೆ ಜಾಗ ಬದಲಿಸಿ. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಲಿ. ಆಮೇಲೆ ತಿಂಡಿಯನ್ನು ಎರಡಕ್ಕೊಮ್ಮೆ, ಐದಕ್ಕೊಮ್ಮೆ ಮಾಡಿ. ಆದರೆ ಪೂರ್ತಿ ನಿಲ್ಲಿಸಬೇಡಿ. ಕೂಲಿಯಿಲ್ಲದ ಕೆಲಸಕ್ಕೆ ಯಾರು ಬರುತ್ತಾರೆ?

ಕೆಲವು ನಾಯಿ ಒಂದೇ ಸಂಜೆಯಲ್ಲಿ ಕಲಿಯುತ್ತದೆ, ಕೆಲವಕ್ಕೆ ವಾರಗಳು ಬೇಕು. ನಾಯಿಗೆ ಇನ್ನೂ ಬೇಕೆನ್ನಿಸುವಾಗಲೇ ನಿಲ್ಲಿಸುವುದು ಜಾಣತನ.

ಆಟದಿಂದ ಆರೈಕೆಗೆ

ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ನಿಜವಾದ ಫಲ ಇರುವುದು ಮುಂದಿನ ಹೆಜ್ಜೆಯಲ್ಲಿ. ಕೊಟ್ಟ ಪಂಜವನ್ನು ಒಂದು ಕ್ಷಣ ಹಿಡಿದು ಬಿಡಿ, ಭೇಷ್. ನಾಳೆ ಎರಡು ಕ್ಷಣ. ಆಮೇಲೆ ಬೆರಳನ್ನು ಮೆಲ್ಲನೆ ಒತ್ತಿ, ಸಂದು ಬಿಡಿಸಿ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ. ಪ್ರತಿ ಸಲವೂ ಬಹುಮಾನ ಇರಲಿ. ನಾಯಿ ಕಾಲೆಳೆದುಕೊಂಡರೆ ಬಿಟ್ಟುಬಿಡಿ, ಹಿಂದಿನ ಹೆಜ್ಜೆಗೆ ಹೋಗಿ. ಬೇಕೆಂದಾಗ ಬಿಡಿಸಿಕೊಳ್ಳಬಹುದೆಂದು ತಿಳಿದ ನಾಯಿಯೇ ನೆಮ್ಮದಿಯಿಂದ ಕೈ ಕೊಡುತ್ತದೆ. ಹೀಗೆಯೇ ಹೆಗಲನ್ನು ಚಿವುಟಿ ಬಿಡುವುದನ್ನೂ ಅಭ್ಯಾಸ ಮಾಡಿಸಿದರೆ ಸೂಜಿಯ ದಿನ ಅರ್ಧ ಕೆಲಸ ಆದಂತೆ.

ಕೋಲಿನ ಮಾತು

ಕೋಲಿಲ್ಲದೆ ನಾಯಿ ಬಗ್ಗೀತೇ ಎಂದು ಕೇಳುವವರಿದ್ದಾರೆ. ಬಗ್ಗುತ್ತದೆ ನಿಜ, ಆದರೆ ಏನನ್ನು ಕಲಿಯುತ್ತದೆ? ತಡವಾಗಿ ಬಂದ ನಾಯಿಗೆ ಹೊಡೆದರೆ ಅದು ಬೇಗ ಬರಲು ಕಲಿಯುವುದಿಲ್ಲ, ಬಾರದಿರಲು ಕಲಿಯುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಗುರುಗುಟ್ಟುವುದನ್ನು ಬಿಟ್ಟು ಸದ್ದಿಲ್ಲದೆ ಕಚ್ಚಲು ಕಲಿಯುತ್ತದೆ. ಮನುಷ್ಯನ ಕೈ ಎಂದರೆ ಪೆಟ್ಟು ಎಂದು ತಿಳಿದ ನಾಯಿ, ಔಷಧಿ ಹಿಡಿದ ಕೈಗೂ ಹಲ್ಲು ತೋರಿಸುತ್ತದೆ. ಪ್ರಾಣಿವರ್ತನೆಯನ್ನು ಅಭ್ಯಸಿಸುವ ಅಮೆರಿಕದ ಪಶುವೈದ್ಯರ ಸಂಘವೂ 2021ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನದ ಕ್ರಮವೇ ತಕ್ಕುದೆಂದು ಸ್ಪಷ್ಟವಾಗಿ ಹೇಳಿದೆ.

ಇದು ವಿದೇಶಿ ತಳಿಗೆ ಹೇಳಿದ ಮಾತು, ನಮ್ಮ ನಾಡುನಾಯಿಗೆ ಸಲ್ಲದು ಎನ್ನುವವರು ನಮ್ಮ ರಾಜ್ಯದ ಬಯಲುಸೀಮೆಯನ್ನು ನೋಡಬೇಕು. ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣಾ ಭೀಮಾ ನದಿಗಳ ನಡುವಿನ ವಡಗೇರಾ, ಶಹಾಪುರ, ಸುರಪುರಗಳ ಕಡೆ ಕಾಫಿಯಿಲ್ಲ, ಅಡಿಕೆಯಿಲ್ಲ. ಹತ್ತಿ, ತೊಗರಿ, ಭತ್ತದ ಸೀಮೆ ಅದು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುವ ಕುರಿಗಾರರಿಗೆ ನಾಯಿಯೇ ಬೇಲಿ, ನಾಯಿಯೇ ಬಾಗಿಲು. ಬಯಲಿನ ಆ ನಾಯಿಯನ್ನು ಕಟ್ಟಿಹಾಕಿ ಕೆಲಸ ಮಾಡಿಸಲಾಗದು. ಕರೆದರೆ ಬರಬೇಕು, ಮುಟ್ಟಿದರೆ ನಿಲ್ಲಬೇಕು. ಯಜಮಾನನ ರೊಟ್ಟಿಯಲ್ಲಿ ಅದಕ್ಕೂ ಪಾಲಿದ್ದರೆ ಮಾತ್ರ ಅದು ಸಾಧ್ಯ.

ಅದರಿಂದ ಪಶ್ಚಿಮಕ್ಕೆ, ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಲೋಕಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ತಳಿಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. 2016ರಲ್ಲಿ ಸೇನೆಯವರು ಆ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದರು. ಓಡುವುದಷ್ಟೇ ಗೊತ್ತು, ಹೇಳಿದ್ದು ಕೇಳುವುದಿಲ್ಲ ಎಂಬ ಮಾತು ಇಂಥ ಬೇಟೆನಾಯಿಗಳ ಮೇಲೆ ಇದ್ದೇ ಇದೆ. ಅಂಥದ್ದಕ್ಕೂ ಪಾಠ ಹೇಳಬಹುದೆಂದು ಸೇನೆಯೇ ಕೈಹಾಕಿರುವಾಗ, ನಮ್ಮ ಜಗಲಿಯ ನಾಯಿಯ ಮೇಲೆ ಅನುಮಾನವೇಕೆ?

ಕೊನೆಯದಾಗಿ

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ವೈದ್ಯರು ಹೇಳಿದ ದಿನ ಮರುಲಸಿಕೆ, ಆಮೇಲೆ ವರ್ಷಕ್ಕೊಂದು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮಂತ್ರಗಳಲ್ಲಿ ಹೊತ್ತು ಕಳೆಯಬಾರದು. ಪಾಠ ಕಲಿಯುವ ಮಕ್ಕಳಿಗೂ ಒಂದು ಮಾತು: ತಿನ್ನುವ, ಮಲಗಿದ, ಮರಿಹಾಕಿದ ನಾಯಿಯನ್ನು, ಪರಿಚಯವಿಲ್ಲದ ನಾಯಿಯನ್ನು ಕೈ ಕೊಡೆಂದು ಕೇಳಬಾರದು.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಹಲವೆಡೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ, ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ. ಪಾಠವನ್ನು ಇಂದೇ ಆರಂಭಿಸಿದರೆ ಅಂದು ನಿಮ್ಮ ನಾಯಿ ಹಗ್ಗ ಕೀಳದೆ ಕೈ ಕೊಟ್ಟು ನಿಲ್ಲುತ್ತದೆ.